ನೆರಳು ನೋಡುವ ಪ್ರಾಣಿಯೂ ಮೇಣದಬತ್ತಿಯ ಹಬ್ಬವೂ

ಪ್ರತಿವರ್ಷ ಫೆಬ್ರವರಿ 2ರಂದು ನಮ್ಮ ದೇವಾಲಯಗಳಲ್ಲಿ ಬಲಿಪೂಜೆಗೆ ಮುನ್ನ ಗುರುಗಳು ಮೇಣದಬತ್ತಿಗಳನ್ನು ಆಶೀರ್ವದಿಸುತ್ತಾರೆ. ಭಕ್ತಾದಿಗಳು ಉರಿಯುವ ಬತ್ತಿಗಳನ್ನು ಹಿಡಿದು ಮೆರವಣಿಗೆಯಲ್ಲಿ ಒಳನಡೆಯುತ್ತಾರೆ. ಕ್ರಿಸ್ತಜಯಂತಿಯಿಂದ ಎಣಿಸಿದರೆ ಅದು ನಲವತ್ತನೆಯ ದಿನ. ಬಾಲಯೇಸುವನ್ನು ಜೆರುಸಲೇಮಿನ ದೇವಾಲಯದಲ್ಲಿ ದೇವರಿಗೆ ಸಮರ್ಪಿಸಿದ ಹಬ್ಬ. ಅದೇ ದಿನ ಅಮೆರಿಕದ ಪೆನ್ಸಿಲ್ವೇನಿಯ ರಾಜ್ಯದ ಪಂಕ್ಸಟಾನಿ ಎಂಬ ಸಣ್ಣ ಪಟ್ಟಣದಲ್ಲಿ ಉದ್ದ ಟೋಪಿ ಧರಿಸಿದ ಗಣ್ಯರು ಸಾವಿರಾರು ಜನರ ಎದುರಿನಲ್ಲಿ ಒಂದು ಪ್ರಾಣಿಯನ್ನು ಗೂಡಿನಿಂದ ಹೊರತೆಗೆಯುತ್ತಾರೆ. ಆ ಪ್ರಾಣಿ ತನ್ನ ನೆರಳನ್ನು ಕಂಡಿತೆಂದರೆ ಚಳಿಗಾಲ ಇನ್ನೂ ಆರು ವಾರ ಉಳಿಯುವುದೆಂದೂ, ಕಾಣಲಿಲ್ಲವೆಂದರೆ ವಸಂತ ಬೇಗ ಬರುವುದೆಂದೂ ಸಾರುತ್ತಾರೆ. ವಿದೇಶದಲ್ಲಿ ನೆಲೆಸಿರುವ ಬಂಧುಗಳಿಂದಲೂ, 1993ರಲ್ಲಿ ತೆರೆಕಂಡ ಹಾಲಿವುಡ್ ಚಿತ್ರವೊಂದರಿಂದಲೂ ಈ ವಿನೋದದ ಸುದ್ದಿ ನಮ್ಮ ಅನೇಕ ಮನೆಗಳಿಗೆ ತಲುಪಿದೆ. ಆದರೆ ಇದು ನಮ್ಮದೇ ಹಬ್ಬದ ನೆರಳಿನಲ್ಲಿ ಬೆಳೆದ ಆಚರಣೆ ಎಂಬುದನ್ನು ಬಲ್ಲವರು ವಿರಳ.

ಆ ಪ್ರಾಣಿಯ ಹೆಸರು ಗ್ರೌಂಡ್‌ಹಾಗ್. ಹೆಸರಿನಲ್ಲಿ ಹಂದಿಯ ಸೂಚನೆಯಿದ್ದರೂ ಇದು ಅಳಿಲಿನ ಕುಟುಂಬಕ್ಕೆ ಸೇರಿದ್ದು. ನೆಲದಲ್ಲಿ ಆಳವಾದ ಬಿಲ ತೋಡಿ ವಾಸಿಸುವ, ಬೆಕ್ಕಿನ ಗಾತ್ರದ ದುಂಡನೆಯ ಪ್ರಾಣಿ. ಶಿವಾಜಿನಗರದ ಚರಂಡಿಗಳಲ್ಲಿ ನಾವು ಕಾಣುವ ಹೆಗ್ಗಣಕ್ಕೂ ಇದಕ್ಕೂ ಹತ್ತಿರದ ನಂಟಿಲ್ಲ. ಇದರ ಸೋದರ ಜಾತಿಗಳು ಲಡಾಖ್‌ನ ಎತ್ತರದ ಪ್ರದೇಶಗಳಲ್ಲಿವೆ. ಕರ್ನಾಟಕದಲ್ಲಿ ಯಾವುದೂ ಇಲ್ಲ. ಚಳಿಗಾಲವಿಡೀ ಇದು ಬಿಲದೊಳಗೆ ದೀರ್ಘ ನಿದ್ರೆಯಲ್ಲಿರುತ್ತದೆ. ಆಗ ಇದರ ಹೃದಯಬಡಿತ ನಿಮಿಷಕ್ಕೆ ಐದರಷ್ಟಕ್ಕೆ ಇಳಿಯುತ್ತದೆ. ಫೆಬ್ರವರಿಯ ಆರಂಭದಲ್ಲಿ ಗಂಡು ಪ್ರಾಣಿಗಳು ಕೆಲವು ಕಾಲ ಹೊರಬಂದು, ಸುತ್ತಲಿನ ಹೆಣ್ಣುಗಳ ಬಿಲಗಳ ಬಳಿ ಸುಳಿದಾಡಿ, ಮತ್ತೆ ಒಳಸೇರುತ್ತವೆ. ಸಂತಾನದ ಸಿದ್ಧತೆಗಾಗಿ ನಡೆಯುವ ಈ ಸಂಚಾರವನ್ನು ಕಂಡ ರೈತನಿಗೆ, ಪ್ರಾಣಿ ಹವೆಯನ್ನು ಪರೀಕ್ಷಿಸಲು ಬಂದಂತೆ ತೋರಿದ್ದರಲ್ಲಿ ಆಶ್ಚರ್ಯವಿಲ್ಲ.

ಹಬ್ಬದಿಂದ ಹುಟ್ಟಿದ ಗಾದೆ

ಸಮರ್ಪಣೆಯ ಹಬ್ಬದ ಇತಿಹಾಸ ದೀರ್ಘವಾದದ್ದು. 4ನೆಯ ಶತಮಾನದ ಕೊನೆಯಲ್ಲಿ ಜೆರುಸಲೇಮಿಗೆ ಯಾತ್ರೆ ಹೋಗಿದ್ದ ಈಜೀರಿಯಾ ಎಂಬ ಮಹಿಳೆ ಅಲ್ಲಿ ಇದನ್ನು ಬಹು ಸಂಭ್ರಮದಿಂದ ಆಚರಿಸುತ್ತಿದ್ದುದನ್ನು ದಾಖಲಿಸಿದ್ದಾಳೆ. ಆಗ ಅಲ್ಲಿ ಜನವರಿ 6ರಿಂದ ನಲವತ್ತು ದಿನಗಳನ್ನು ಎಣಿಸುತ್ತಿದ್ದುದರಿಂದ ಹಬ್ಬ ಫೆಬ್ರವರಿ 14ಕ್ಕೆ ಬರುತ್ತಿತ್ತು. ಕ್ರಿಸ್ತಜಯಂತಿ ಡಿಸೆಂಬರ್ 25ಕ್ಕೆ ನೆಲೆಗೊಂಡ ಮೇಲೆ ಇದು ಫೆಬ್ರವರಿ 2ಕ್ಕೆ ಬಂದಿತು. 542ರಲ್ಲಿ ಚಕ್ರವರ್ತಿ ಜಸ್ಟೀನಿಯನ್ ಇದನ್ನು ಕಾನ್‌ಸ್ಟಾಂಟಿನೋಪಲ್‌ನಲ್ಲಿ ಜಾರಿಗೆ ತಂದನು. ಮುಂದೆ ಮಧ್ಯಯುಗದ ಯುರೋಪಿನಲ್ಲಿ ಮೇಣದಬತ್ತಿಗಳ ಆಶೀರ್ವಾದವೇ ಹಬ್ಬದ ಮುಖ್ಯ ಗುರುತಾಯಿತು. ಆ ಬತ್ತಿಗಳನ್ನು ಮನೆಯಲ್ಲಿ ಜೋಪಾನವಾಗಿಟ್ಟು, ಸಿಡಿಲು ಮಳೆಯ ಹೊತ್ತಿನಲ್ಲೂ ಮರಣಶಯ್ಯೆಯ ಬಳಿಯಲ್ಲೂ ಹಚ್ಚುವ ರೂಢಿ ಅನೇಕ ದೇಶಗಳಲ್ಲಿತ್ತು. ಪೋಲೆಂಡಿನ ಜನರು ಇವನ್ನು ಗುಡುಗಿನ ಬತ್ತಿಗಳೆಂದೇ ಕರೆದರು. ಮರುದಿನ, ಫೆಬ್ರವರಿ 3ರಂದು, ಸಂತ ಬ್ಲೇಸರ ಸ್ಮರಣೆಯಲ್ಲಿ ಎರಡು ಬತ್ತಿಗಳನ್ನು ಅಡ್ಡಲಾಗಿ ಹಿಡಿದು ನಮ್ಮ ಗಂಟಲುಗಳನ್ನು ಆಶೀರ್ವದಿಸುವಾಗಲೂ ಬಳಸುವುದು ಈ ಹಬ್ಬದಲ್ಲಿ ಮಂತ್ರಿಸಿದ ಬತ್ತಿಗಳನ್ನೇ.

ಅಕ್ಷರ ಬಲ್ಲವರು ಕಡಿಮೆಯಿದ್ದ, ಗೋಡೆಯ ಮೇಲೆ ಕ್ಯಾಲೆಂಡರ್ ಇಲ್ಲದ ಆ ಕಾಲದಲ್ಲಿ ಸಂತರ ಹಬ್ಬಗಳೇ ರೈತನ ಪಂಚಾಂಗವಾಗಿದ್ದವು. ಉಳುವ ದಿನ, ಬಿತ್ತುವ ದಿನ, ಗೇಣಿ ಸಲ್ಲಿಸುವ ದಿನ ಎಲ್ಲವೂ ಹಬ್ಬದ ಹೆಸರಿನಿಂದಲೇ ನೆನಪಿರುತ್ತಿದ್ದವು. ಫ್ರಾನ್ಸಿನ ರೈತರು ಜೂನ್ 8ರ ಸಂತ ಮೆಡಾರ್ಡರ ಹಬ್ಬದಂದು ಮಳೆ ಬಂದರೆ ಮುಂದಿನ ನಲವತ್ತು ದಿನವೂ ಮಳೆಯೆಂದು ನಂಬಿದರು. ಇಂಗ್ಲೆಂಡಿನವರು ಜುಲೈ 15ರ ಸಂತ ಸ್ವಿದಿನ್ನರ ಹಬ್ಬಕ್ಕೆ ಅದೇ ಮಾತನ್ನು ಹೇಳಿದರು. ಮೇ ತಿಂಗಳ ನಡುವೆ ಹಠಾತ್ತನೆ ಬೀಳುವ ಹಿಮಕ್ಕೆ ಜರ್ಮನರು ಆ ದಿನಗಳ ಸಂತರ ಹೆಸರನ್ನೇ ಇಟ್ಟರು. ಇದೇ ಸಾಲಿನಲ್ಲಿ, ಫೆಬ್ರವರಿ 2ರಂದು ಆಕಾಶ ತಿಳಿಯಾಗಿದ್ದರೆ ಚಳಿ ಮುಂದುವರಿಯುತ್ತದೆ, ಮೋಡ ಕವಿದಿದ್ದರೆ ಚಳಿ ಮುಗಿಯಿತು ಎಂಬ ಗಾದೆ ಯುರೋಪಿನ ಹಲವು ಭಾಷೆಗಳಲ್ಲಿ ಹುಟ್ಟಿಕೊಂಡಿತು. ಮಕರ ಸಂಕ್ರಮಣದಂತೆ ಹಗಲು ಬೆಳೆಯತೊಡಗುವ ಡಿಸೆಂಬರ್ ಅಂತ್ಯಕ್ಕೂ, ಹಗಲಿರುಳು ಸಮವಾಗುವ ಮಾರ್ಚ್ 20ರ ಸುಮಾರಿಗೂ ನಡುವೆ ಈ ಹಬ್ಬ ನಿಂತಿರುವುದು ಇದಕ್ಕೆ ಒಂದು ಕಾರಣ. ಹಾಗೆ ನೋಡಿದರೆ 'ಇನ್ನು ಆರು ವಾರ' ಎಂಬುದು ಭವಿಷ್ಯವಾಣಿಗಿಂತ ಹೆಚ್ಚಾಗಿ ಪಂಚಾಂಗದ ಲೆಕ್ಕ.

ಗಾದೆಗೆ ಪ್ರಾಣಿ ಸೇರಿದ್ದು ಜರ್ಮನಿ ಮತ್ತು ಅದರ ನೆರೆನಾಡುಗಳಲ್ಲಿ. ಹಂಗೇರಿಯಲ್ಲಿ ಕರಡಿ ಗುಹೆಯಿಂದ ಹೊರಬಂದು ನೆರಳು ನೋಡುತ್ತದೆಂದರೆ, ಜರ್ಮನಿಯಲ್ಲಿ ಆ ಕೆಲಸವನ್ನು ಬ್ಯಾಡ್ಜರ್ ಎಂಬ ಬಿಲವಾಸಿ ಪ್ರಾಣಿಗೆ ವಹಿಸಲಾಗಿತ್ತು. ಪೆನ್ಸಿಲ್ವೇನಿಯಕ್ಕೆ ವಲಸೆ ಹೋದ ಜರ್ಮನ್ ರೈತರಿಗೆ ಅಲ್ಲಿನ ಹೊಲಗಳಲ್ಲಿ ಹೆಚ್ಚಾಗಿ ಕಂಡದ್ದು ಗ್ರೌಂಡ್‌ಹಾಗ್. ಹೊಸ ನಾಡಿಗೆ ಹೋದವರು ಹಳೆಯ ಗಾದೆಯನ್ನು ಬಿಡಲಿಲ್ಲ, ಪ್ರಾಣಿಯನ್ನಷ್ಟೇ ಬದಲಿಸಿಕೊಂಡರು. ಪಂಕ್ಸಟಾನಿಯ ಪತ್ರಿಕೆಯಲ್ಲಿ 1886ರಲ್ಲಿ ಇದರ ಸುದ್ದಿ ಮೊದಲು ಪ್ರಕಟವಾಯಿತು. 1887ರಿಂದ ಗುಡ್ಡದ ಮೇಲಿನ ಸಾರ್ವಜನಿಕ ಸಮಾರಂಭ ಆರಂಭವಾಯಿತು. ಈ ನೂರಮೂವತ್ತಕ್ಕೂ ಹೆಚ್ಚು ವರ್ಷಗಳಲ್ಲಿ ಪ್ರಾಣಿ ನೂರಕ್ಕೂ ಹೆಚ್ಚು ಸಲ ನೆರಳನ್ನು ಕಂಡಿದೆಯೆಂದು ಘೋಷಿಸಲಾಗಿದೆ.

ಗಾದೆ ಎಷ್ಟರ ಮಟ್ಟಿಗೆ ನಿಜ?

ಅಮೆರಿಕದ ಸರ್ಕಾರಿ ಹವಾಮಾನ ಸಂಸ್ಥೆಯೇ ಈ ಪ್ರಾಣಿಯ ಮಾತನ್ನು ವರ್ಷ ವರ್ಷವೂ ಉಷ್ಣಾಂಶದ ದಾಖಲೆಯೊಂದಿಗೆ ಹೋಲಿಸುತ್ತ ಬಂದಿದೆ. ಹತ್ತರಲ್ಲಿ ಮೂರು ನಾಲ್ಕು ಸಲ ಮಾತ್ರ ಅದು ಸರಿಯಾಗಿದೆ. ನಾಣ್ಯ ಚಿಮ್ಮಿ ಹೇಳಿದ್ದರೂ ಐದು ಸಲ ಸರಿಯಾಗುತ್ತಿತ್ತು!

ಹಾಗೆಂದು ಮೂಲದ ಗಾದೆಯನ್ನು ಅಜ್ಞಾನವೆಂದು ತಳ್ಳಿಹಾಕುವುದು ನ್ಯಾಯವಲ್ಲ. ಉತ್ತರ ಯುರೋಪಿನ ಚಳಿಗಾಲದಲ್ಲಿ ಆಕಾಶ ತಿಳಿಯಾಗುವುದು ವಾಯುಭಾರ ಹೆಚ್ಚಾಗಿ, ಒಣ ಶೀತಗಾಳಿ ನೆಲದ ಮೇಲೆ ನಿಂತಾಗ. ಮೋಡ ಕವಿಯುವುದು ಅಟ್ಲಾಂಟಿಕ್ ಸಾಗರದ ಬೆಚ್ಚನೆಯ, ತೇವದ ಗಾಳಿ ಬೀಸಿದಾಗ. ಆದುದರಿಂದ ಬಿಸಿಲು ಮತ್ತು ನೆರಳು ಇದ್ದ ದಿನ ಚಳಿ ಹೆಚ್ಚು, ಮೋಡದ ದಿನ ಚಳಿ ಕಡಿಮೆ ಎಂಬುದು ಆ ನಾಡಿನ ಮಟ್ಟಿಗೆ ಸತ್ಯವಾದ ಅನುಭವ. ಮುಂದಿನ ಮೂರು ನಾಲ್ಕು ದಿನಗಳಿಗೆ ಅದು ಹೊಂದಲೂಬಹುದು. ಅದನ್ನು ಆರು ವಾರಗಳಿಗೆ ಎಳೆದಾಗ ಮಾತ್ರ ಗಾದೆ ಸೋಲುತ್ತದೆ.

ಇನ್ನೊಂದು ತೊಡಕು ಪಂಚಾಂಗದ್ದು. ಜಗದ್ಗುರು 13ನೆಯ ಗ್ರೆಗೊರಿಯವರು 1582ರಲ್ಲಿ ಕ್ಯಾಲೆಂಡರನ್ನು ತಿದ್ದಿದಾಗ ಅಕ್ಟೋಬರ್ 4ರ ಮರುದಿನವನ್ನು ಅಕ್ಟೋಬರ್ 15 ಎಂದು ಎಣಿಸಲಾಯಿತು. ಅಂದರೆ 1500ರ ಸುಮಾರಿನ ರೈತ ಫೆಬ್ರವರಿ 2 ಎಂದು ಕರೆಯುತ್ತಿದ್ದ ದಿನ ಋತುವಿನ ಲೆಕ್ಕದಲ್ಲಿ ಇಂದಿನ ಫೆಬ್ರವರಿ 11 ಅಥವಾ 12. ಲೂರ್ದುಮಾತೆಯ ಹಬ್ಬದ ಹೊತ್ತಿನ ಹವೆಯನ್ನು ನೋಡಿ ಕಟ್ಟಿದ ಗಾದೆಯನ್ನು ಇಂದು ಹತ್ತು ದಿನ ಮುಂಚೆಯೇ ಪ್ರಯೋಗಿಸುತ್ತಿದ್ದೇವೆ ಎಂದಂತಾಯಿತು.

ಈ ತೊಡಕಿನಿಂದ ನಮ್ಮ ನಾಡಿನ ಪಂಚಾಂಗವೂ ಹೊರತಲ್ಲ. ನಕ್ಷತ್ರಗಳನ್ನು ಆಧರಿಸಿದ ನಮ್ಮ ಸೌರಮಾನವು ಸುಮಾರು 72 ವರ್ಷಗಳಿಗೆ ಒಂದು ದಿನದಂತೆ ಋತುವಿನಿಂದ ಸರಿಯುತ್ತ ಬಂದಿದೆ. ಉತ್ತರಾಯಣದ ಆರಂಭ ಆಕಾಶದಲ್ಲಿ ಡಿಸೆಂಬರ್ 21-22ಕ್ಕೆ ಆಗಿಹೋದರೂ ಸಂಕ್ರಾಂತಿಯ ಎಳ್ಳುಬೆಲ್ಲವನ್ನು ನಾವು ನೆರೆಮನೆಗಳಿಂದ ಪಡೆಯುವುದು ಜನವರಿ 14-15ರಂದು. ಹಳೆಯ ಗಾದೆಗಳನ್ನು ಅಳೆಯುವಾಗ ಅವು ಹುಟ್ಟಿದ ಕಾಲದ ಅಳತೆಗೋಲನ್ನೂ ನೆನಪಿಡಬೇಕೆಂಬುದಕ್ಕೆ ಇವೆರಡೂ ನಿದರ್ಶನಗಳು.

ನಮ್ಮ ಊರಿನ ಸೂಚನೆಗಳು

ಪಂಕ್ಸಟಾನಿಯ ಪ್ರಾಣಿಯನ್ನು ಒಂದು ವೇಳೆ ಹಲಸೂರು ಕೆರೆಯ ದಂಡೆಗೆ ತಂದರೆ ಏನಾಗಬಹುದು? ಮುಂಜಾನೆ ಮಂಜು ಕವಿದಿದ್ದರೂ ಹತ್ತು ಗಂಟೆಯ ಹೊತ್ತಿಗೆ ಅದು ತನ್ನ ನೆರಳನ್ನು ಕಾಣದಿರುವುದು ಬಹುಮಟ್ಟಿಗೆ ಅಸಾಧ್ಯ. ಜನವರಿ ಮತ್ತು ಫೆಬ್ರವರಿ ಬೆಂಗಳೂರಿನ ಅತ್ಯಂತ ಒಣ ತಿಂಗಳುಗಳು. ವರ್ಷಕ್ಕೆ ಒಂದು ಸಾವಿರ ಮಿಲಿಮೀಟರ್ ಆಸುಪಾಸು ಮಳೆ ಬೀಳುವ ಈ ಊರಿನಲ್ಲಿ ಆ ಎರಡು ತಿಂಗಳೂ ಸೇರಿ ಬೀಳುವುದು ಸರಾಸರಿ ಹತ್ತು ಮಿಲಿಮೀಟರ್‌ನಷ್ಟು. ಇಲ್ಲಿನ ಚಳಿಯಾದರೂ ಎಷ್ಟು? ದಾಖಲೆಯಲ್ಲಿರುವ ಅತಿ ಕನಿಷ್ಠ ಉಷ್ಣಾಂಶ 1884ರ ಜನವರಿ 13ರಂದು ಕಂಡ 7.8 ಡಿಗ್ರಿ ಸೆಲ್ಸಿಯಸ್. ಚಳಿ ಯಾವಾಗ ಹೋದೀತೆಂದು ಹಂಬಲಿಸುವ ಊರು ನಮ್ಮದಲ್ಲ. ನಾವು ಕಾಯುವುದು ಬೇರೊಂದಕ್ಕಾಗಿ, ಅದು ಮಳೆ.

ಚಳಿ ಹೋಗುವ ದಿನಕ್ಕೂ ನಮ್ಮಲ್ಲಿ ಗಾದೆಯಿಲ್ಲದಿಲ್ಲ. ಶಿವರಾತ್ರಿಗೆ ಚಳಿ 'ಶಿವ ಶಿವ' ಎನ್ನುತ್ತ ಹೊರಟುಹೋಗುತ್ತದೆ ಎಂಬ ಮಾತನ್ನು ಕನ್ನಡ ನಾಡಿನಲ್ಲಿ ಕೇಳದವರಿಲ್ಲ. ಕ್ರೈಸ್ತರಾದ ನಮಗೆ ಇದರಲ್ಲಿ ಒಂದು ಕುತೂಹಲದ ಸಂಗತಿಯಿದೆ. ಶಿವರಾತ್ರಿ ಅಮಾವಾಸ್ಯೆಯ ಹಿಂದಿನ ದಿನ ಬರುತ್ತದೆ. ನಮ್ಮ ಪಾಸ್ಖ ಹಬ್ಬ ಹುಣ್ಣಿಮೆಯ ಅನಂತರದ ಭಾನುವಾರ ಬರುವುದರಿಂದ, ಅದಕ್ಕೆ 46 ದಿನ ಮುಂಚಿನ ವಿಭೂತಿ ಬುಧವಾರವೂ ಅಮಾವಾಸ್ಯೆಯ ಸುತ್ತಮುತ್ತಲೇ ಬೀಳುತ್ತದೆ. ಆದುದರಿಂದ ಅನೇಕ ವರ್ಷಗಳಲ್ಲಿ ಎರಡರ ನಡುವೆ ಕೆಲವೇ ದಿನಗಳ ಅಂತರ. 2023ರಲ್ಲಿ ಶಿವರಾತ್ರಿ ಫೆಬ್ರವರಿ 18ಕ್ಕೆ, ವಿಭೂತಿ ಬುಧವಾರ ಫೆಬ್ರವರಿ 22ಕ್ಕೆ ಬಂದಿತ್ತು. 2025ರಲ್ಲಿ ಫೆಬ್ರವರಿ 26 ಮತ್ತು ಮಾರ್ಚ್ 5. ಎರಡು ಎಣಿಕೆಗಳು ಒಂದು ಚಾಂದ್ರಮಾಸ ಹಿಂದುಮುಂದಾದಾಗ ಮಾತ್ರ ಅಂತರ ಹೆಚ್ಚುತ್ತದೆ. 2024ರಲ್ಲಿ ವಿಭೂತಿ ಬುಧವಾರ ಫೆಬ್ರವರಿ 14ಕ್ಕೇ ಬಂದು, ಶಿವರಾತ್ರಿ ಮಾರ್ಚ್ 8ಕ್ಕೆ ಬಂದಿತು. ನಮ್ಮ ನೆರೆಮನೆಯವರು ಜಾಗರಣೆ ಮುಗಿಸುವ ವಾರದಲ್ಲಿಯೇ ಬಹುತೇಕ ನಾವೂ ಹಣೆಗೆ ವಿಭೂತಿ ಧರಿಸಿ ತಪಸ್ಸುಕಾಲವನ್ನು ಪ್ರವೇಶಿಸುತ್ತೇವೆ. ಚಳಿಗೆ ಇಬ್ಬರೂ ಒಟ್ಟಿಗೆ ವಿದಾಯ ಹೇಳುತ್ತೇವೆ.

ವಸಂತದ ಆಗಮನವನ್ನು ಸಾರಲು ಬಿಲದ ಪ್ರಾಣಿಯ ಹಂಗು ನಮಗಿಲ್ಲ. ಬೀದಿಯ ಮರಗಳೇ ಸಾಕು. ಫೆಬ್ರವರಿಯಿಂದ ಮಾರ್ಚ್‌ವರೆಗೆ ಹಳದಿ ಟಬೂಬಿಯಾ ಎಲೆಗಳನ್ನೆಲ್ಲ ಉದುರಿಸಿ ಹೂವನ್ನಷ್ಟೇ ಹೊತ್ತು ನಿಲ್ಲುತ್ತದೆ. ಒಣಗಿದಂತೆ ಕಾಣುತ್ತಿದ್ದ ಹೊಂಗೆ ಕೆಲವೇ ದಿನಗಳಲ್ಲಿ ಮಿರುಗುವ ಎಳೆಹಸಿರನ್ನು ಉಡುತ್ತದೆ. ಇಂದಿರಾನಗರದ ಅಡ್ಡರಸ್ತೆಗಳಲ್ಲೂ ಕೋಗಿಲೆಯ ದನಿ ನಸುಕಿನಲ್ಲಿ ನಿದ್ದೆಗೆಡಿಸುತ್ತದೆ. ಮಾವು ಹೂಬಿಟ್ಟು ಕಾಯಿ ಕಚ್ಚುತ್ತದೆ. ಆಗ ಮೋಡ ಕವಿದು ತೇವ ಹೆಚ್ಚಿದರೆ ಹೂವಿಗೆ ಬೂದಿರೋಗ ತಗುಲುವುದೆಂಬ ಭಯ ರೈತರಿಗಿರುತ್ತದೆ. ಗುಲ್‌ಮೊಹರ್ ಕೆಂಪೇರುವುದು ಏಪ್ರಿಲ್-ಮೇ ತಿಂಗಳಲ್ಲಿ, ಮಾವಿನ ಮಳೆ ಗುಡುಗುವ ಹೊತ್ತಿಗೆ. ಬೆಂಗಳೂರಿನಲ್ಲಿ ಒಂದರ ಹಿಂದೆ ಒಂದು ಮರ ಹೂಬಿಡುವಂತೆ ಯೋಜಿಸಿದವರಲ್ಲಿ ಪ್ರಮುಖರು ಜರ್ಮನಿಯಿಂದ ಬಂದು ಲಾಲ್‌ಬಾಗಿನ ಹೊಣೆ ಹೊತ್ತಿದ್ದ ಕ್ರುಂಬಿಗೆಲ್ ಅವರು. 1956ರಲ್ಲಿ ನಿಧನರಾದ ಅವರ ಸಮಾಧಿ ಹೊಸೂರು ರಸ್ತೆಯ ಕ್ರೈಸ್ತ ಸ್ಮಶಾನದಲ್ಲಿದೆ. ಬ್ಯಾಡ್ಜರ್‌ನ ಗಾದೆ ಹುಟ್ಟಿದ ನಾಡಿನವರೇ ನಮಗೆ ಹೂವಿನ ಪಂಚಾಂಗವೊಂದನ್ನು ಕೊಟ್ಟುಹೋದರೆಂಬುದು ನೆನೆಯತಕ್ಕ ಮಾತು.

ಮಳೆಗೆ ಸೂಚನೆ ಕೊಡುವ ಜೀವಿಯೆಂದರೆ ನಮ್ಮ ದೇಶದಲ್ಲಿ ಚಾತಕ ಪಕ್ಷಿ. ಉತ್ತರ ಹಾಗೂ ಮಧ್ಯ ಭಾರತಕ್ಕೆ ಇದು ಆಫ್ರಿಕಾದಿಂದ ಮುಂಗಾರಿನ ಗಾಳಿಯೊಂದಿಗೆ ಬರುತ್ತದೆ. ಅದರ ಮಾರ್ಗವನ್ನು ತಿಳಿಯಲು 2020ರಲ್ಲಿ ಡೆಹ್ರಾಡೂನಿನ ವಿಜ್ಞಾನಿಗಳು ಎರಡು ಪಕ್ಷಿಗಳಿಗೆ ಉಪಗ್ರಹ ಸಂಕೇತದ ಪಟ್ಟಿ ತೊಡಿಸಿದ್ದುಂಟು. ಆದರೆ ದಕ್ಷಿಣ ಭಾರತದ ಚಾತಕಗಳು ವರ್ಷವಿಡೀ ಇಲ್ಲಿಯೇ ನೆಲೆಸಿರುವಂಥವು. ಹಾಗಾಗಿ ದೆಹಲಿಯವನಿಗೆ ಮಳೆಯ ಸುದ್ದಿ ತರುವ ಹಕ್ಕಿ ಬೆಂಗಳೂರಿನವನಿಗೆ ನೆರೆಮನೆಯವನಷ್ಟೇ! ಸೂಚನೆಯೆಂಬುದು ಒಂದು ನೆಲಕ್ಕೆ ಸೇರಿದ್ದು. ಬೇರೆಡೆಗೆ ಒಯ್ದರೆ ಅದು ಕತೆಯಾಗಿ ಉಳಿಯುತ್ತದೆಯೇ ಹೊರತು ಕೆಲಸಕ್ಕೆ ಬಾರದು.

ನಮ್ಮ ರೈತರ ನಿಜವಾದ ಪಂಚಾಂಗ ಮಳೆ ನಕ್ಷತ್ರಗಳದ್ದು. ಏಪ್ರಿಲ್ ಮಧ್ಯದಿಂದ ಅಶ್ವಿನಿ, ಭರಣಿ, ಕೃತ್ತಿಕಾ, ರೋಹಿಣಿ ಎಂದು ಹದಿಮೂರು ಹದಿನಾಲ್ಕು ದಿನಗಳಿಗೊಂದು ಮಳೆಯನ್ನು ಅವರು ಎಣಿಸುತ್ತಾರೆ. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಎಂಬ ಗಾದೆ ಪ್ರಸಿದ್ಧವಾದದ್ದು. ಭರಣಿ ಹುಟ್ಟುವುದು ಏಪ್ರಿಲ್ 27ರ ಸುಮಾರಿಗೆ. ನಮ್ಮ ಮೇಣದಬತ್ತಿಯ ಹಬ್ಬದಿಂದ ಅಲ್ಲಿಗೆ ಹನ್ನೆರಡು ವಾರ. ಪೆನ್ಸಿಲ್ವೇನಿಯದವರು ಆರು ವಾರಗಳ ಚಳಿಗೆ ಅಂಜಿದರೆ, ನಾವು ಅದರ ಇಮ್ಮಡಿ ಕಾಲ ಬಿಸಿಲನ್ನು ದಾಟಬೇಕು.

ಉಳಿದಿರುವುದನ್ನು ಎಣಿಸುವ ದಿನ

ಇಲ್ಲಿಯೇ ಹಳೆಯ ಗಾದೆಗಳ ತಿರುಳು ನಮಗೆ ಗೋಚರಿಸುತ್ತದೆ. ಫೆಬ್ರವರಿ 2ರ ಬಗ್ಗೆ ಇಂಗ್ಲೆಂಡಿನ ಮತ್ತು ಅಮೆರಿಕದ ರೈತರಲ್ಲಿ ಇನ್ನೊಂದು ಗಾದೆಯೂ ಬಳಕೆಯಲ್ಲಿತ್ತು. ಆ ದಿನ ಸೌದೆಯಲ್ಲಿ ಅರ್ಧ, ದನಗಳ ಹುಲ್ಲಿನಲ್ಲಿ ಅರ್ಧ ಇನ್ನೂ ಉಳಿದಿರಬೇಕು ಎಂಬುದು ಅದರ ಭಾವ. ಪ್ರಾಣಿಯ ನೆರಳಿನ ಮಾತು ವಿನೋದವಾಗಿ ಲೋಕಪ್ರಸಿದ್ಧವಾಯಿತು. ಹುಲ್ಲು ಸೌದೆಯ ಮಾತು ಮರೆಯಾಯಿತು. ಆದರೆ ಬದುಕನ್ನು ಕಾಪಾಡಿದ್ದು ಎರಡನೆಯದು. ಬಿಸಿಲು ಕಂಡಿತೆಂದು ಮೈಮರೆಯಬೇಡ, ಕಣಜಕ್ಕೆ ಹೋಗಿ ನೋಡು, ಉಳಿದಿರುವುದು ಸಾಕೇ ಎಂದು ಲೆಕ್ಕ ಹಾಕು ಎಂಬ ಎಚ್ಚರಿಕೆ ಅದರಲ್ಲಿದೆ.

ದಂಡು ಪ್ರದೇಶದ ಇತಿಹಾಸವೂ ಇದನ್ನೇ ಹೇಳುತ್ತದೆ. 1809ರಲ್ಲಿ ಸ್ಥಾಪಿತವಾದ ದಂಡಿನ ಜನರು ಬಹುಕಾಲ ಹಲಸೂರು ಮೊದಲಾದ ಕೆರೆಗಳ ನೀರನ್ನೇ ನಂಬಿದ್ದರು. 1876ರಿಂದ 1878ರವರೆಗಿನ ಭೀಕರ ಕ್ಷಾಮ ಮೈಸೂರು ಸಂಸ್ಥಾನವನ್ನು ತತ್ತರಿಸುವಂತೆ ಮಾಡಿದ ಮೇಲೆ, 1882ರಲ್ಲಿ ದಂಡಿನ ನೀರಿಗಾಗಿ ಸ್ಯಾಂಕಿ ಕೆರೆ ಸಿದ್ಧವಾಯಿತು. ಅದೇ 1882ರ ಸೆಪ್ಟೆಂಬರ್ 8ರಂದು ಶಿವಾಜಿನಗರದ ಸಂತ ಮರಿಯಮ್ಮನವರ ಇಂದಿನ ದೇವಾಲಯ ಪ್ರತಿಷ್ಠಾಪನೆಗೊಂಡಿತು. ಆ ಪ್ರದೇಶಕ್ಕೆ ಹಿಂದೆ ಬ್ಲ್ಯಾಕ್‌ಪಳ್ಳಿ ಎಂಬ ಹೆಸರಿತ್ತು. ಜಿಂಜಿಯ ಕಡೆಯಿಂದ ವಲಸೆ ಬಂದ ಕ್ರೈಸ್ತ ರೈತರು ಅಲ್ಲಿ ಬಿಳಿ ಅಕ್ಕಿ ಬೆಳೆಯುತ್ತಿದ್ದರೆಂದೂ, 'ಬಿಳಿ ಅಕ್ಕಿ ಪಳ್ಳಿ'ಯೇ ಬ್ಲ್ಯಾಕ್‌ಪಳ್ಳಿ ಆಯಿತೆಂದೂ ಹೇಳಲಾಗುತ್ತದೆ. ಅವರು ಕಟ್ಟಿಕೊಂಡ ಮೊದಲ ಹುಲ್ಲುಮಾಡಿನ ಗುಡಿಗೆ ಇಟ್ಟ ಹೆಸರು ಕಾಣಿಕೆ ಮಾತೆಯ ದೇವಾಲಯ. ಭತ್ತದ ಗದ್ದೆಯ ಅಂಚಿನಲ್ಲಿ ನಿಂತು ಆಕಾಶ ನೋಡುತ್ತಿದ್ದ ಜನರು ತಮ್ಮ ತಾಯಿಗೆ ಕೊಟ್ಟ ಹೆಸರಿನಲ್ಲಿಯೇ ಸಮರ್ಪಣೆಯ ಅರ್ಥವಿದೆ. ಇಂದು ಅಲ್ಲಿ ಗದ್ದೆಯ ಗುರುತೂ ಇಲ್ಲ. ಆದರೂ ಮಳೆ ಹೆಚ್ಚು ಸುರಿಯುವ ಸೆಪ್ಟೆಂಬರಿನಲ್ಲಿ, ಮಾತೆಯ ಜನ್ಮೋತ್ಸವಕ್ಕೆ, ಕೊಡೆ ಹಿಡಿದು ರಥದ ಹಿಂದೆ ನಡೆಯುವ ನಾವು ಆ ರೈತರ ವಾರಸುದಾರರೇ.

ಇದು ಹಳೆಯ ಮಾತಾಯಿತೆಂದು ಯಾರೂ ತಿಳಿಯಬೇಕಾಗಿಲ್ಲ. 2023ರಲ್ಲಿ ಮುಂಗಾರು ಕೈಕೊಟ್ಟು ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಿತವಾದವು. ಮರುವರ್ಷದ ಫೆಬ್ರವರಿಯಲ್ಲಿ ನಮ್ಮೂರಿನ ಮರಗಳು ಎಂದಿನಂತೆ ಹೂಬಿಟ್ಟವು, ಬಿಸಿಲು ಎಂದಿನಂತೆ ಹಿತವಾಗಿತ್ತು. ಮಾರ್ಚ್ ಬರುವ ಹೊತ್ತಿಗೆ ನಗರದ ಸುಮಾರು 14,000 ಸರ್ಕಾರಿ ಕೊಳವೆಬಾವಿಗಳಲ್ಲಿ 6,900 ಬತ್ತಿದ್ದವೆಂದು ಸರ್ಕಾರವೇ ತಿಳಿಸಿತು. ಕುಡಿಯುವ ನೀರಿನಿಂದ ವಾಹನ ತೊಳೆದವರಿಗೆ 5,000 ರೂಪಾಯಿ ದಂಡ ವಿಧಿಸಲಾಯಿತು. ಆ ಏಪ್ರಿಲ್ ತಿಂಗಳಲ್ಲಿ ನಗರದ ಹವಾಮಾನ ಕೇಂದ್ರದಲ್ಲಿ ಒಂದು ಹನಿ ಮಳೆಯೂ ದಾಖಲಾಗಲಿಲ್ಲ. 1983ರ ಅನಂತರ ಹಾಗಾದದ್ದು ಅದೇ ಮೊದಲು. ಭರಣಿಯನ್ನು ನಂಬಿದವರಿಗೂ ಮಾವಿನ ಮಳೆಯನ್ನು ನಂಬಿದವರಿಗೂ ಸಮನಾದ ನಿರಾಶೆ.

ಅತಿ ಹೆಚ್ಚು ಬವಣೆ ಪಟ್ಟದ್ದು ಕೆ.ಆರ್. ಪುರ, ಮಹದೇವಪುರ ಮೊದಲಾದ ಪೂರ್ವದ ಬಡಾವಣೆಗಳು. 2007ರಲ್ಲಿ ನಗರಕ್ಕೆ ಸೇರಿದ 110 ಹಳ್ಳಿಗಳ ಪೈಕಿ ಹಲವು ಈ ಭಾಗದವು. ಕಾವೇರಿ ನೀರಿನ ಕೊಳವೆ ಅಲ್ಲಿಗಿನ್ನೂ ಮುಟ್ಟಿರಲಿಲ್ಲ. ಬಿಂದಿಗೆಗಳನ್ನು ಸಾಲಿಟ್ಟು ಟ್ಯಾಂಕರ್ ಕಾಯುವುದೇ ತಾಯಂದಿರ ದಿನಚರಿಯಾಯಿತು. ಆ ವರ್ಷ ತಪಸ್ಸುಕಾಲದ ಉಪವಾಸ ಅನೇಕ ಮನೆಗಳಲ್ಲಿ ನೀರಿನ ಉಪವಾಸವೂ ಆಗಿತ್ತು. 2024ರ ಅಕ್ಟೋಬರ್ 16ರಂದು ಕಾವೇರಿ 5ನೆಯ ಹಂತದ ಯೋಜನೆ ಉದ್ಘಾಟನೆಗೊಂಡು ದಿನಕ್ಕೆ 77.5 ಕೋಟಿ ಲೀಟರ್ ನೀರು ತರುವ ದಾರಿಯಾಯಿತು. ಆದರೆ ಕಾವೇರಿಯೂ ಮಳೆಯ ಮಗಳೇ. ಕೊಡಗಿನಲ್ಲಿ ಮಳೆ ತಪ್ಪಿದರೆ ಕೊಳವೆ ಎಷ್ಟು ದೊಡ್ಡದಿದ್ದರೂ ಪ್ರಯೋಜನವೇನು?

ಇನ್ನೊಂದು ಮುಖವನ್ನೂ ನೋಡಬೇಕು. ಅದೇ 2024ರ ಜೂನ್ 2ರ ಒಂದೇ ದಿನ ನಗರದಲ್ಲಿ 111.1 ಮಿಲಿಮೀಟರ್ ಮಳೆ ಸುರಿಯಿತು. ಜೂನ್ ತಿಂಗಳಲ್ಲಿ ಒಂದು ದಿನದ ಮಳೆಯಾಗಿ 1891ರಿಂದ ಇದ್ದ ದಾಖಲೆ ಅಂದು ಮುರಿಯಿತು. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆಯೆಂದರೆ ಒಂದು ಲೀಟರ್ ನೀರು. ನೂರು ಚದರ ಮೀಟರ್ ತಾರಸಿಯಿರುವ ಮನೆಯ ಮೇಲೆ ಅಂದು ಬಿದ್ದದ್ದು 11,000 ಲೀಟರಿಗೂ ಹೆಚ್ಚು. ಒಂದು ದೊಡ್ಡ ಟ್ಯಾಂಕರಿನಷ್ಟು. ಎರಡು ತಿಂಗಳ ಹಿಂದೆ ದುಬಾರಿ ಬೆಲೆ ತೆತ್ತು ಕೊಂಡ ನೀರು ಆ ಸಂಜೆ ಮೋರಿಯ ಪಾಲಾಯಿತು. ಮಳೆನೀರಿನ ಸಂಗ್ರಹ 2009ರಿಂದ ಕಾನೂನಿನ ಕಡ್ಡಾಯವಾಗಿದ್ದರೂ, ಎಷ್ಟೋ ಮನೆಗಳಲ್ಲಿ ಅದು ನಕ್ಷೆಯ ಮೇಲಿನ ಗೆರೆಯಾಗಿಯೇ ಉಳಿದಿದೆ.

ಕಾಯುವುದನ್ನು ಬಲ್ಲವರು

ಹವಾಮಾನವನ್ನು ಅರಿಯುವ ಸಾಧನಗಳು ಇಂದು ಬಹಳ ಮುಂದುವರಿದಿವೆ. 1988ರಲ್ಲಿ ಬರ ಪರಿಸ್ಥಿತಿಯನ್ನು ಗಮನಿಸಲೆಂದು ಬೆಂಗಳೂರಿನಲ್ಲಿ ಆರಂಭವಾದ ಘಟಕ ಈಗ ರಾಜ್ಯದ ಪ್ರಕೃತಿ ವಿಕೋಪ ಉಸ್ತುವಾರಿ ಕೇಂದ್ರವಾಗಿ ಬೆಳೆದು, ಹೋಬಳಿ, ಪಂಚಾಯಿತಿಗಳ ಮಟ್ಟದಲ್ಲಿ ಮಳೆ ಅಳೆಯುತ್ತಿದೆ. ಮುಂದಿನ ಕೆಲವು ದಿನಗಳ ಮಳೆಯ ಬಗ್ಗೆ ಪ್ರಾಣಿ ಪಕ್ಷಿಗಳಿಗಿಂತ ಅವರ ಮಾತು ನಂಬಲರ್ಹ. ಆದರೆ ಮುನ್ಸೂಚನೆ ಎಷ್ಟೇ ಸರಿಯಿದ್ದರೂ ಅದನ್ನು ಕೇಳಿ ಏನು ಮಾಡುತ್ತೇವೆಂಬುದು ನಮ್ಮ ಪಾಲಿಗೆ ಉಳಿಯುತ್ತದೆ. ಪಶ್ಚಿಮದಲ್ಲಿ ಮೋಡ ಕಂಡರೆ ಮಳೆಯೆಂದೂ, ದಕ್ಷಿಣದ ಗಾಳಿ ಬೀಸಿದರೆ ಸೆಕೆಯೆಂದೂ ಹೇಳಬಲ್ಲ ಜನ ತಮ್ಮ ಕಾಲವನ್ನು ಅರಿಯಲಾರದೆ ಹೋದರಲ್ಲಾ ಎಂದು ಯೇಸುಸ್ವಾಮಿ ಮರುಗಿದ್ದನ್ನು ಸಂತ ಲೂಕರು ಬರೆದಿದ್ದಾರೆ. ಅವರು ಆಕಾಶ ನೋಡುವುದನ್ನು ತಪ್ಪೆನ್ನಲಿಲ್ಲ. ನೋಡಿಯೂ ನಡೆಯನ್ನು ತಿದ್ದಿಕೊಳ್ಳದಿರುವುದನ್ನು ತಪ್ಪೆಂದರು.

ಸಮರ್ಪಣೆಯ ದಿನ ದೇವಾಲಯದಲ್ಲಿದ್ದ ಇಬ್ಬರು ಹಿರಿಯರನ್ನು ಇಲ್ಲಿ ನೆನೆಯಬೇಕು. ಸಿಮೆಯೋನ ಮತ್ತು ಎಂಬತ್ತನಾಲ್ಕರ ವಿಧವೆ ಅನ್ನಮ್ಮ ಜೀವಮಾನವೆಲ್ಲ ಕಾದವರು. ಇಂಥ ದಿನ ಬರುವುದೆಂಬ ಮುನ್ಸೂಚನೆ ಅವರ ಬಳಿ ಇರಲಿಲ್ಲ. ಪ್ರಾರ್ಥನೆ, ಉಪವಾಸ, ದೇವಾಲಯದ ಸೇವೆ ಎಂಬ ನಿತ್ಯದ ಕೆಲಸಗಳನ್ನು ಬಿಡದೆ ಮಾಡುತ್ತ ಕಾದರು. ಬಡ ದಂಪತಿಗಳು ಕುರಿಮರಿ ಕೊಳ್ಳಲಾರದೆ ಜೋಡಿ ಹಕ್ಕಿಗಳನ್ನು ಹಿಡಿದು ಬಂದಾಗ ಆ ಕೂಸೇ ಲೋಕದ ಬೆಳಕೆಂದು ಗುರುತಿಸಿದರು. ದಿನವೂ ಸಿದ್ಧರಾಗಿದ್ದವರಿಗೆ ಬಂದ ದಿನ ತಪ್ಪಿಹೋಗಲಿಲ್ಲ.

ಆದುದರಿಂದ ಬರುವ ಫೆಬ್ರವರಿ 2ರಂದು ನಮ್ಮ ಕುಟುಂಬಗಳು ಒಂದು ಹೊಸ ರೂಢಿಯನ್ನು ಹಾಕಿಕೊಳ್ಳಬಹುದಲ್ಲವೇ? ಮಂತ್ರಿಸಿದ ಮೇಣದಬತ್ತಿಯನ್ನು ಮನೆಗೆ ತಂದ ಮೇಲೆ ಮಕ್ಕಳನ್ನು ಕರೆದುಕೊಂಡು ತಾರಸಿಗೂ ನೆಲದಡಿಯ ತೊಟ್ಟಿಯ ಬಳಿಗೂ ಹೋಗಿ ಬರೋಣ. ಮಳೆನೀರು ಇಳಿಯುವ ಕೊಳವೆ ಕಟ್ಟಿಕೊಂಡಿದೆಯೇ, ನಲ್ಲಿ ಸೋರುತ್ತಿದೆಯೇ, ಹಿಂದಿನ ತಿಂಗಳು ನೀರಿಗೆ ಎಷ್ಟು ಖರ್ಚಾಯಿತು, ಭರಣಿಯವರೆಗಿನ ಹನ್ನೆರಡು ವಾರ ಹೇಗೆ ಸಾಗೀತು ಎಂದು ಕುಳಿತು ಲೆಕ್ಕ ಹಾಕೋಣ. ತಪಸ್ಸುಕಾಲದ ತ್ಯಾಗಗಳಲ್ಲಿ ದಿನಕ್ಕೊಂದು ಬಕೆಟ್ ನೀರಿನ ಉಳಿತಾಯವನ್ನೂ ಸೇರಿಸೋಣ. ನಮ್ಮ ತೊಟ್ಟಿ ತುಂಬಿದ್ದು ಪಕ್ಕದ ಓಣಿಯ ಬಿಂದಿಗೆ ಬರಿದಾಗಿದ್ದರೆ, ಅಂದಿನ ಕಾಣಿಕೆ ಯಾವುದೆಂದು ಯಾರೂ ನಮಗೆ ಹೇಳಿಕೊಡಬೇಕಾಗಿಲ್ಲ. ಧರ್ಮಕೇಂದ್ರದ ಸಂಘಗಳು ದೇವಾಲಯದ ವಿಶಾಲವಾದ ಮಾಡಿನ ಮೇಲೆ ಬೀಳುವ ಮಳೆಯನ್ನು ಇಂಗಿಸುವ ಬಗ್ಗೆ ಅಂದೇ ಒಂದು ಸಭೆ ಸೇರಿದರೆ ಇನ್ನೂ ಒಳ್ಳೆಯದು. ಮಳೆ ಬರುವ ಮುನ್ನವೇ ಗುಂಡಿ ತೋಡಬೇಕಷ್ಟೆ.

ಪಂಕ್ಸಟಾನಿಯ ಪ್ರಾಣಿ ಅಂದು ತನ್ನ ನೆರಳನ್ನು ಕಂಡಿತೋ ಇಲ್ಲವೋ ಎಂಬುದನ್ನು ಸಂಜೆಯ ಸುದ್ದಿಯಲ್ಲಿ ನೋಡಿ ಮಕ್ಕಳೊಂದಿಗೆ ನಗೋಣ. ಅಷ್ಟರಲ್ಲಿ ನಮ್ಮ ತೊಟ್ಟಿಯ ಅಳತೆ ಮುಗಿದಿರಲಿ.